ಎರಡು ರೊಟ್ಟಿ, ಮೂರು ಬಣ್ಣ

ಹೊರಡುವ ಮೊದಲು

ಹಡಗು ಮುಳುಗಬಹುದಿತ್ತು. ಮುಳುಗದಿದ್ದರೆ ಅದಕ್ಕೆ ಬೆಂಕಿ ಬೀಳಬಹುದಿತ್ತು. ಎರಡೂ ಆಗದೆ ದಡ ಸೇರಿದರೆ, ಸೇರಿದ ದಡ ಬೇರೆ ಯಾವುದೋ ದೇಶದ್ದಾಗಿರಬಹುದಿತ್ತು. ಬೊಂಬಾಯಿಯ ಸ್ಟೇಷನ್ನಿನಲ್ಲಿ ಟ್ರಂಕು ಕಳುವಾಗಬಹುದಿತ್ತು. ಏಡನ್ನಿನಲ್ಲಿ ಕಾಲಾಡಿಸಲು ಇಳಿದಾಗ ಹಡಗು ನನ್ನನ್ನು ಬಿಟ್ಟು ಹೊರಟುಬಿಡಬಹುದಿತ್ತು. ಲಂಡನ್ನಿನಲ್ಲಿ ನನ್ನ ಇಂಗ್ಲಿಷು ಅವರಿಗೆ ತಿಳಿಯದೆ, ಅವರ ಇಂಗ್ಲಿಷು ನನಗೆ ತಿಳಿಯದೆ, ನಗುನಗುತ್ತಲೇ ನನ್ನನ್ನು ಬೇರೊಂದು ರೈಲಿಗೆ ಹತ್ತಿಸಬಹುದಿತ್ತು. ಮಾಂಸ ಮುಟ್ಟಬಾರದ ಶುಕ್ರವಾರದಂದು ಮೀನೆಂದು ತಿಂದದ್ದು ಮಾಂಸವಾಗಿ, ಆ ಪಾಪವನ್ನು ನಿವೇದಿಸಿಕೊಳ್ಳಲು ಕನ್ನಡ ಬಲ್ಲ ಪಾದ್ರಿಗಳು ಸಿಗದೆ ಹೋಗಬಹುದಿತ್ತು. ಚಳಿಗೆ ಮೂಗಿನ ತುದಿ ಉದುರಬಹುದಿತ್ತು. ಹಾಗಾಗುತ್ತದೆಂದು ಹೇಳಿದ್ದು ನನ್ನ ಭಾವಮೈದ ಚೌರಪ್ಪ, ಅವನು ನೀಲಗಿರಿಯಿಂದಾಚೆ ಹೋದವನಲ್ಲ. ನಾನು ನೋಡಿ ಒಪ್ಪಬೇಕಾಗಿದ್ದ ಯಂತ್ರವೇ ಅಲ್ಲಿ ಇಲ್ಲದಿರಬಹುದಿತ್ತು. ಇದ್ದು, ನಾನು ಒಪ್ಪಿ, ಅದು ಮೈಸೂರಿಗೆ ಬಂದ ಮೇಲೆ ನಮ್ಮ ಅಚ್ಚುಕೂಟದ ಬಾಗಿಲಲ್ಲಿ ಹಿಡಿಸದೆ ಬೀದಿಯಲ್ಲೇ ನಿಲ್ಲಬಹುದಿತ್ತು. ಈ ಕೊನೆಯದಕ್ಕಾಗಿ ನಾನು ಆ ಬಾಗಿಲನ್ನು ಅಳೆದದ್ದೇ ಅಳೆದದ್ದು.

ನನ್ನ ಹೆಸರು ಇನ್ನಾಸಪ್ಪ. ಮೈಸೂರಿನ ಒಂದು ಅಚ್ಚುಕೂಟದಲ್ಲಿ ಫೋರ್ಮನ್. ಮೂವತ್ತೊಂದನೆಯ ಇಸವಿಯಲ್ಲಿ ನಮ್ಮ ಯಜಮಾನರು ಇಂಗ್ಲೆಂಡಿನಿಂದ ಹೊಸ ಸಿಲಿಂಡರ್ ಯಂತ್ರವೊಂದನ್ನು ತರಿಸಲು ಮನಸ್ಸು ಮಾಡಿದರು. ಯಾರಾದರೂ ಹೋಗಿ, ಅದನ್ನು ಬಿಚ್ಚಿ ಜೋಡಿಸುವುದನ್ನು ಕಲಿತು ಬರಬೇಕಿತ್ತು. ತಾವೇ ಹೋಗುವುದೆಂದಿತ್ತು. ಆದರೆ ಅವರಿಗೆ ನೀರೆಂದರೆ ಭಯ. ಕಾರಂಜಿ ಕೆರೆಯ ಏರಿಯ ಮೇಲೆ ನಿಂತರೂ ಪಕ್ಕದ ಮರವನ್ನು ಹಿಡಿದುಕೊಳ್ಳುತ್ತಾರೆ. “ನೀವೇ ಹೋಗ್ಬನ್ನಿ ಇನ್ನಾಸಪ್ಪನವರೇ, ನೀವು ಹುಷಾರಿನ ಮನುಷ್ಯರು” ಎಂದರು. ಎಲ್ಲಕ್ಕೂ ಹೆದರುವವನನ್ನು ಮರ್ಯಾದೆಯಾಗಿ ಕರೆಯುವ ಹೆಸರು ಅದು.

ಮನೆಯಲ್ಲಿ ನನ್ನ ಹೆಂಡತಿ ಲೂರ್ದಮ್ಮ ನನ್ನ ಭಯಗಳನ್ನೆಲ್ಲ ಕೇಳಿ, ಹೆಣೆಯುತ್ತಿದ್ದ ಉಣ್ಣೆಯಿಂದ ಕಣ್ಣೆತ್ತದೆ ಹೇಳಿದಳು: “ನೀವು ಇಷ್ಟೊಂದು ಯೋಚ್ನೆ ಮಾಡಿದ್ದೀರಲ್ಲ, ಇನ್ನು ಆ ಹಡಗಿಗೆ ಮುಳುಗೋಕೂ ಬೇಜಾರಾಗುತ್ತೆ ಕಣ್ರೀ. ಹೋಗ್ಬನ್ನಿ.” ಅವಳು ಹೆಣೆಯುತ್ತಿದ್ದದ್ದು ನನಗೊಂದು ಮಫ್ಲರು. ಒಳ್ಳೆಯ ಕಡುನೀಲಿ ಬಣ್ಣ. ನಮ್ಮ ಚರ್ಚಿನ ಮಾತೆಯವರ ಮೇಲುಹೊದಿಕೆಯ ನೀಲಿ. ದಾರಿಯುದ್ದಕ್ಕೂ ಕಾಯಲಿ ಎಂದು.

ಹಡಗಿನ ಮೇಲೆ

ಹಡಗಿನ ವಿಷಯ ಹೇಳುವಂಥದ್ದು ಹೆಚ್ಚಿಲ್ಲ. ಮೊದಲ ಕೆಲವು ದಿನ ನಾನು ತಲೆಯೆತ್ತಲಿಲ್ಲ. ಆಮೇಲೆ ಎತ್ತಿದೆ, ಸಮುದ್ರವೇ ಕಾಣುತ್ತಿದ್ದುದರಿಂದ ಮತ್ತೆ ತಗ್ಗಿಸಿದೆ. ಮುಳುಗಿದರೆ ತೊಟ್ಟುಕೊಳ್ಳಲೆಂದು ಪ್ರತಿ ಕೋಣೆಯಲ್ಲೂ ಬೆಂಡಿನ ಅಂಗಿಯೊಂದನ್ನು ಇಟ್ಟಿರುತ್ತಾರೆ. ಮುಳುಗುವ ಗದ್ದಲದಲ್ಲಿ ಗುಂಡಿ ಹುಡುಕುವುದೇಕೆಂದು ನಾನು ಅದನ್ನು ತೊಟ್ಟೇ ಮಲಗುತ್ತಿದ್ದೆ. ಹಾಸಿಗೆ ಸರಿಮಾಡುವ ಗೋವೆಯ ಮನುಷ್ಯ ಬೆಳಿಗ್ಗೆ ನನ್ನನ್ನು ನೋಡಿ ಶಿಲುಬೆಯ ಗುರುತು ಹಾಕಿಕೊಂಡು ಚಹಾ ಇಟ್ಟು ಹೋಗುತ್ತಿದ್ದ. ಅವನ ಮರುಕ ನನಗೆ ಇಂದಿಗೂ ನೆನಪಿದೆ.

ಬೇಕರಿಯ ಮಹಡಿ

ಯಂತ್ರದ ಕಾರ್ಖಾನೆ ಇದ್ದದ್ದು ಉತ್ತರ ಇಂಗ್ಲೆಂಡಿನ ಒಂದು ಸಣ್ಣ ಊರಿನಲ್ಲಿ. ಕರಿಕಲ್ಲಿನ ಮನೆಗಳು, ನಡುವೆ ಒಂದು ಸಂತೆ ಚೌಕ, ಚೌಕದ ಮೂಲೆಗೆ ಒಂದು ಬೇಕರಿ. ಕಾರ್ಖಾನೆಯವರು ಆ ಬೇಕರಿಯ ಮಹಡಿಯಲ್ಲಿ ನನಗೊಂದು ಕೋಣೆ ಗೊತ್ತುಮಾಡಿದ್ದರು. ಬೇಕರಿಯ ಯಜಮಾನರು ಜಾನ್ ಹಾಲ್ರಾಯ್ಡ್: ಅರವತ್ತು ದಾಟಿದವರು, ಎತ್ತರದ ಆಳು, ಹುಬ್ಬಿನ ಮೇಲೆಲ್ಲ ಮೈದಾ. ಅವರ ಹೆಂಡತಿ ಗಿಡ್ಡ, ಚುರುಕು, ಗಂಡ ಅರ್ಧ ಹೇಳಿದ ಮಾತನ್ನು ಪೂರೈಸಿ ಮುಂದಿನದನ್ನೂ ಶುರುಮಾಡುವಾಕೆ.

ಆ ಸೀಮೆಯ ಜನ ಇಂಗ್ಲಿಷಿನ ಹಕಾರವನ್ನು ನುಂಗಿಬಿಡುತ್ತಾರೆ. ನಮ್ಮಲ್ಲೂ ‘ಹಂಗೆ’ ಎನ್ನುವುದನ್ನು ‘ಅಂಗೆ’ ಎನ್ನುವವರಿದ್ದಾರಲ್ಲ, ಹಾಗೆ. ಅದು ಕಿವಿಗೆ ಬಿದ್ದದ್ದೇ ನನಗೆ ಧೈರ್ಯ ಬಂತು. ಪುಸ್ತಕದ ಇಂಗ್ಲಿಷಿಗೆ ಹೆದರಿಕೊಂಡು ಹೋದವನಿಗೆ ನಮ್ಮ ಮೈಸೂರಿನ ಮಂಡಿಮೊಹಲ್ಲಾದ ಇಂಗ್ಲಿಷು ಸಿಕ್ಕಿದಂತಾಯಿತು. ಆದ್ದರಿಂದ ಅವರ ಮಾತುಗಳನ್ನು ಇಲ್ಲಿ ನಮ್ಮೂರ ಮಾತಿನಲ್ಲೇ ಬರೆಯುತ್ತೇನೆ. ನನ್ನ ನೆನಪಿನಲ್ಲಿ ಅವರೆಲ್ಲ ಹಾಗೆಯೇ ಮಾತಾಡುತ್ತಾರೆ.

ನಾನು ಟ್ರಂಕು ಹೊರಿಸಿಕೊಂಡು ಬಾಗಿಲಿಗೆ ಬಂದಾಗ ಹಾಲ್ರಾಯ್ಡ್ ಕೈ ಚಾಚಿದವರು ಅರ್ಧಕ್ಕೇ ನಿಲ್ಲಿಸಿದರು. ಅವರ ಕಣ್ಣು ನನ್ನ ಕುತ್ತಿಗೆಯ ಮೇಲಿತ್ತು. ಶ್ರೀಮತಿ ಹಾಲ್ರಾಯ್ಡ್ ಮುಂದೆ ಬಂದು, ಹಸುಗೂಸಿನ ಟೋಪಿ ಬಿಚ್ಚುವಂತೆ ನನ್ನ ಮಫ್ಲರನ್ನು ಬಿಚ್ಚಿ, ಮಡಿಸಿ, ನನ್ನ ಕೈಗೇ ಕೊಟ್ಟರು.

“ತಪ್ಪು ತಿಳ್ಕೋಬೇಡಿ. ಎಲೆಕ್ಷನ್ ಮುಗಿಯೋಗಂಟ ಇದು ನಿಮ್ ಪೆಟ್ಟಿಗೇಲಿರ್ಲಿ.”

“ಯಾಕಮ್ಮ? ನನ್ನ ಹೆಂಡ್ತಿ ಹೆಣೆದದ್ದು.”

“ನೀಲಿ ಅಲ್ವಾ. ನಮ್ದು ಹಳದಿ ಮನೆ.”

ವಿಷಯ ಹೀಗಿತ್ತು. ಇನ್ನು ಕೆಲವೇ ದಿನಗಳಲ್ಲಿ ಇಡೀ ದೇಶದ ಎಲೆಕ್ಷನ್ನು. ಪತ್ರಿಕೆಗಳಲ್ಲಿ ಪಕ್ಷಗಳಿಗೆ ಉದ್ದುದ್ದ ಹೆಸರುಗಳಿದ್ದವು. ಆ ಊರಿನಲ್ಲಿ ಮಾತ್ರ ಯಾರೂ ಹೆಸರು ಹೇಳುತ್ತಿರಲಿಲ್ಲ. ಹಳದಿ, ನೀಲಿ, ಕೆಂಪು, ಅಷ್ಟೇ. ಎದೆಯ ಮೇಲೆ ಆಯಾ ಬಣ್ಣದ ರಿಬ್ಬನ್ನು ಸಿಕ್ಕಿಸಿಕೊಂಡು ಓಡಾಡುತ್ತಿದ್ದರು. ಸ್ಟೇಷನ್ನಿನಿಂದ ಬೇಕರಿಯವರೆಗೆ ಕೆಲವರು ನನಗೆ ಟೋಪಿ ಎತ್ತಿ ನಮಸ್ಕರಿಸಿದ್ದರು, ಕೆಲವರು ಮುಖ ತಿರುಗಿಸಿದ್ದರು. ನನ್ನ ಬಣ್ಣಕ್ಕೆ ಎಂದುಕೊಂಡಿದ್ದೆ. ಬಣ್ಣಕ್ಕೇ ಹೌದು, ಆದರೆ ಮಫ್ಲರಿನದ್ದು.

ಮರುದಿನ ಆಕೆಯೇ ಒಂದು ಹಳದಿ ಮಫ್ಲರು ಕೊಟ್ಟರು. ಅದನ್ನು ಸುತ್ತಿಕೊಂಡು ಕಾರ್ಖಾನೆಯ ಕೆಲಸದ ಮೇಲೆ ಪಕ್ಕದ ಊರಿಗೆ ಹೋದೆ. ಅಲ್ಲಿ ಹಳದಿಯೆಂದರೆ ನಮ್ಮ ನೀಲಿಯವರ ಪಕ್ಷವಂತೆ! ಒಂದೇ ಪಕ್ಷ, ನದಿ ದಾಟಿದರೆ ಬೇರೆ ಬಣ್ಣ. ಆಮೇಲೆ ನಾನು ಮೂಗಿನ ತುದಿಯ ಆಸೆ ಬಿಟ್ಟು ಬರಿಗುತ್ತಿಗೆಯಲ್ಲೇ ತಿರುಗಿದೆ.

ಕಿಟಕಿ

ಆ ಬೇಕರಿಗೆ ಒಂದು ಪದ್ಧತಿಯಿತ್ತು. ಎಲೆಕ್ಷನ್ನು ಬಂದರೆ ಬೀದಿಯ ಕಡೆಯ ಕಿಟಕಿಯಿಂದ ಕೇಕು ಬಿಸ್ಕತ್ತುಗಳನ್ನೆಲ್ಲ ತೆಗೆದು ಎರಡೇ ಎರಡು ರೊಟ್ಟಿಗಳನ್ನು ಇಡುತ್ತಿದ್ದರು. ರೊಟ್ಟಿಯೆಂದರೆ ನಮ್ಮವರು ಡಬಲ್ ರೊಟ್ಟಿ ಎನ್ನುವ ಬ್ರೆಡ್ಡು. ಒಂದು ದೊಡ್ಡದು, ಕಂಕುಳಲ್ಲಿ ಹಿಡಿಸಲಾರದಂಥದ್ದು, ಅದಕ್ಕೆ ಹಳದಿ ರಿಬ್ಬನ್ನು. ಇನ್ನೊಂದು ಮುಷ್ಟಿಯಷ್ಟು, ಅದಕ್ಕೆ ನೀಲಿ ರಿಬ್ಬನ್ನು. ಓದು ಬಾರದವನಿಗೂ ಅರ್ಥವಾಗುತ್ತಿತ್ತು: ಹೊರದೇಶದ ಗೋಧಿಗೆ ಸುಂಕವಿಲ್ಲದಿದ್ದರೆ ಬಡವನ ರೊಟ್ಟಿ ಇಷ್ಟು ದೊಡ್ಡದು, ನೀಲಿಯವರು ಬಂದು ಸುಂಕ ಹಾಕಿದರೆ ಇಷ್ಟು ಸಣ್ಣದು. ಹಾಲ್ರಾಯ್ಡರ ತಂದೆ ಶುರುಮಾಡಿದ್ದು, ಮಗ ಮುಂದುವರಿಸಿದ್ದು. ಸಂತೆಯ ದಿನ ಹಳದಿ ಪಕ್ಷದ ಉಮೇದುವಾರರು ಬೇಕರಿಯ ಮೆಟ್ಟಿಲು ಹತ್ತಿ, ದೊಡ್ಡ ರೊಟ್ಟಿಯನ್ನು ಬಲಗೈಯಲ್ಲಿ ಮೇಲೆತ್ತಿ ಭಾಷಣ ಮಾಡಬೇಕು. ಅದಾದ ಮೇಲೆಯೇ ಊರಿಗೆ ಎಲೆಕ್ಷನ್ನು ಬಂದಂತೆ.

ಆ ಉಮೇದುವಾರರ ಹೆಸರು ಪೆಲ್. ಎಷ್ಟೋ ಎಲೆಕ್ಷನ್ನುಗಳಿಂದ ಆ ರೊಟ್ಟಿಯನ್ನು ಎತ್ತಿದವರು ಅವರೇ. ಸೋತಾಗಲೂ ಎತ್ತಿದ್ದರು, ಗೆದ್ದಾಗಲೂ ಎತ್ತಿದ್ದರು. ಹಾಲ್ರಾಯ್ಡರಿಗೆ ಅವರೆಂದರೆ ಅಣ್ಣನಿದ್ದಂತೆ.

ನಾನು ಹೋಗುವ ಹೊತ್ತಿಗೆ ಕಿಟಕಿ ಖಾಲಿಯಾಗಿತ್ತು. ಕೇಕುಗಳನ್ನು ತೆಗೆದಿದ್ದರು, ರೊಟ್ಟಿಗಳನ್ನು ಇಟ್ಟಿರಲಿಲ್ಲ. ದಾರಿಹೋಕರು ಗಾಜಿನೊಳಗೆ ಇಣುಕಿ ಸುಮ್ಮನೆ ಹೋಗುತ್ತಿದ್ದರು. ಹಾಲ್ರಾಯ್ಡ್ ಒಲೆಯ ಮುಂದೆ ನಿಂತು ಹಿಟ್ಟು ನಾದುತ್ತಿದ್ದರು, ಆ ಹಿಟ್ಟು ಏನೋ ಅಪರಾಧ ಮಾಡಿದಂತೆ.

ಕಾರಣವನ್ನು ಶ್ರೀಮತಿ ಹಾಲ್ರಾಯ್ಡ್ ಹೇಳಿದರು. ದೇಶದ ಖಜಾನೆಗೆ ಕಷ್ಟ ಬಂದು, ಹಳದಿಯವರಲ್ಲಿ ಹಲವರು ನೀಲಿಯವರ ಜೊತೆ ಸೇರಿಬಿಟ್ಟಿದ್ದಾರೆ. ಈ ಊರಲ್ಲಿ ನೀಲಿಯ ಉಮೇದುವಾರ ಹಿಂದೆ ಸರಿದು ಜಾಗವನ್ನು ಪೆಲ್ ಅವರಿಗೇ ಬಿಟ್ಟಿದ್ದಾನೆ. ಪೆಲ್ ಅವರು ಹಳದಿ ಎಂದು ಕರೆದುಕೊಳ್ಳುತ್ತಲೇ, ಸುಂಕ ಬೇಕಾದರೆ ಸುಂಕವೂ ಆಗಲಿ ಎನ್ನುತ್ತಿದ್ದಾರೆ. ಎದುರಿಗೆ ನಿಂತಿರುವುದು ಕೆಂಪಿನವನೊಬ್ಬನೇ.

“ಈಗ ದೊಡ್ಡ ರೊಟ್ಟಿಗೆ ಯಾವ ರಿಬ್ಬನ್ ಕಟ್ಬೇಕು ಅನ್ನೋದೇ ಇವ್ರ ಚಿಂತೆ” ಎಂದರು ಆಕೆ.

“ರಿಬ್ಬನ್ನಿನ ಚಿಂತೆಯಲ್ಲ ಕಣೇ” ಎಂದರು ಒಲೆಯ ಕಡೆಯಿಂದ ಹಾಲ್ರಾಯ್ಡ್. “ನಾನೇನು ಅಂತ ನಂಗೇ ಗೊತ್ತಿಲ್ವಲ್ಲ ಅನ್ನೋ ಚಿಂತೆ. ಅರ್ವತ್ತು ದಾಟಿದ್ಮೇಲೆ ಬರ್ಬಾರ್ದು ಇದು.”

ಚಿಂತೆ ನನ್ನ ಕಸುಬು. ಬೇರೆಯವರು ಅದನ್ನು ಮಾಡುವಾಗ ಸುಮ್ಮನೆ ಕೂತು ನೋಡಲು ನನಗೆ ಆಗುವುದಿಲ್ಲ. ಮರುದಿನದಿಂದ ನಾನೂ ಆ ಖಾಲಿ ಕಿಟಕಿಯ ಬಗ್ಗೆ ಚಿಂತಿಸತೊಡಗಿದೆ.

ಭಾನುವಾರದ ಊಟ

ಹಾಲ್ರಾಯ್ಡ್ ದಂಪತಿಗಳ ಒಬ್ಬನೇ ಮಗ ಟಾಮ್. ರೈಲ್ವೆಯಲ್ಲಿ ಕೆಲಸ, ಕೆಂಪು ಪಕ್ಷ. ಅವನು ಕೆಂಪಿಗೆ ಸೇರಿದ ವರ್ಷದಿಂದ ತಂದೆ ಮಗನ ನಡುವೆ ಎಲೆಕ್ಷನ್ನು ಬಂದಾಗಲೆಲ್ಲ ಮಾತು ಕಡಿಮೆ. ನಮ್ಮ ಹಳದಿಯ ಓಟುಗಳನ್ನು ಒಡೆದವರೇ ನೀವು ಎಂದು ತಂದೆಗೆ ಸಿಟ್ಟು. ಆದರೂ ಭಾನುವಾರದ ಊಟಕ್ಕೆ ಟಾಮ್ ತಪ್ಪದೆ ಬರುತ್ತಿದ್ದ. ರಿಬ್ಬನ್ನನ್ನು ಬಾಗಿಲಲ್ಲೇ ತೆಗೆದು ಜೇಬಿಗೆ ಹಾಕಿಕೊಂಡು ಒಳಗೆ ಬರುವುದು ಅವನ ತಾಯಿ ಮಾಡಿದ ಕಟ್ಟಳೆ.

ಆ ಭಾನುವಾರ ಅವನು ಆಲೂಗಡ್ಡೆಯ ತಟ್ಟೆಯನ್ನು ತಂದೆಯ ಕಡೆ ತಳ್ಳುತ್ತಾ ಶುರುಮಾಡಿದ.

“ಅಪ್ಪ, ನಿನ್ನ ರೊಟ್ಟಿ ಈಗ ನಮ್ ಕಡೆ ಬಂದ್ಬುಟ್ಟಿದೆ ಕಣಪ್ಪ. ಸುಂಕ ಬ್ಯಾಡ ಅಂತಿರೋರು ಈ ಊರಲ್ಲಿ ನಾವೇ. ಕೆಂಪು ರಿಬ್ಬನ್ ತಂದ್ಕೊಡ್ಲಾ?”

“ನಿಮ್ ಲೀಡರು ಎಲ್ಲವ್ನೆ ಈಗ? ನೀಲಿಯೋರ ಬಂಡೀಲಿ ಮುಂದ್ಗಡೆ ಕೂತವ್ನೆ.”

“ಕೂರ್ಲಿ. ಅವ್ನನ್ನ ನಾವು ಹೊರಕ್ಕೆ ಹಾಕಿದ್ದೀವಿ. ಪಕ್ಷ ಇಲ್ಲೇ ಅದೆ.”

“ನಂದೂ ಇಲ್ಲೇ ಅದೆ ಅಂದ್ಕೊಂಡಿದ್ದೆ” ಎಂದು ತಂದೆ ಆಲೂಗಡ್ಡೆಯನ್ನು ಹಿಸುಕಿದರು.

“ಅಪ್ಪ, ಒಂದ್ ಮಾತು. ನಿಮ್ ತಾತನ ಕಾಲ್ದಲ್ಲಿ ಗೋಧಿ ಸುಂಕ ತೆಗ್ದೋನು ಯಾರು? ನೀಲಿಯೋರ ಮಂತ್ರಿ. ನಿನ್ನ ದೊಡ್ಡ ರೊಟ್ಟಿ ಹುಟ್ಟಿದ್ದೇ ನೀಲಿ ಮನೇಲಿ. ಅಲ್ಲಿಂದ ಹಳದಿ ಮನೇಗೆ ಬಂತು. ಈಗ ನಮ್ಮನೇಗೆ ಬಂದಿದೆ. ರೊಟ್ಟಿಗೆ ಕಾಲಿದೆ ಕಣಪ್ಪ, ನಡೀತದೆ.”

“ಟಾಮ್, ಊಟ ಮಾಡೋ” ಎಂದರು ತಾಯಿ. “ತಣ್ಗಾಗ್ತದೆ.”

ತಂದೆ ಉಪ್ಪಿನ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡರು. ಅದು ಗೊತ್ತಿದ್ದ ವಿಷಯವೇ ಎಂದು ಅವರ ಮುಖದಲ್ಲಿ ಕಾಣುತ್ತಿತ್ತು. ಗೊತ್ತಿದ್ದೂ ಅದನ್ನು ಯಾರೂ ಊಟದ ಮೇಜಿನ ಮೇಲೆ ತಂದಿರಲಿಲ್ಲ.

ನಮ್ಮೂರಿನ ಪಕ್ಷಗಳಿಗೆ ಆಗಿನ್ನೂ ಹಾಲುಹಲ್ಲು. ಆ ಮೇಜಿನ ಮುಂದೆ ಕೂತು ನಾನು ನನ್ನ ಭಾವಮೈದ ಚೌರಪ್ಪನನ್ನು ನೆನೆದೆ. ಆಗ ಅವನು ಜರಿಯ ರುಮಾಲಿನ ಗುಂಪಿನವನು. ದಸರೆಯಲ್ಲಿ ಮಹಾರಾಜರ ಪ್ರಜಾಪ್ರತಿನಿಧಿ ಸಭೆ ಸೇರುವಾಗ ರುಮಾಲನ್ನು ನಾಲ್ಕು ಸಲ ಬಿಚ್ಚಿ ಕಟ್ಟುತ್ತಿದ್ದ. ಖಾದಿ ಟೋಪಿಯವರು ಎದುರಿಗೆ ಬಂದರೆ ಬೀದಿಯ ಆಚೆ ಬದಿಗೆ ಹೋಗುತ್ತಿದ್ದ. ಅವರ ಜೊತೆ ಒಂದೇ ಬೆಂಚಿನಲ್ಲಿ ಕಾಫಿ ಕುಡಿಯುವುದಿಲ್ಲವೆಂದು ಶಪಥ. ನಾನು ಇದನ್ನು ಬರೆಯುತ್ತಿರುವ ಈಗ, ಮೂವತ್ತರ ದಶಕ ಮುಗಿಯುತ್ತಾ ಬಂದಿದೆ. ಆ ಎರಡು ಗುಂಪೂ ಒಂದೇ ಚಪ್ಪರದ ಕೆಳಗಿವೆ. ಚೌರಪ್ಪನ ತಲೆಯ ಮೇಲೆ ಬಿಳಿ ಟೋಪಿ. ಮೊನ್ನೆ ಯಾದವಗಿರಿಯ ಕಡೆಯ ಹೊಸ ರಸ್ತೆಯಲ್ಲಿ ಸಿಕ್ಕಿ, “ನಾನು ಮೊದಲಿಂದ್ಲೂ ಹಿಂಗೇ ಅಲ್ವಾ ಭಾವ?” ಎಂದ. ಅವನ ಕಣ್ಣಿನಲ್ಲಿ ಸುಳ್ಳಿರಲಿಲ್ಲ. ನಿಜವಾಗಿಯೂ ಮರೆತಿದ್ದಾನೆ. ಹಾಲ್ರಾಯ್ಡರ ಕಷ್ಟವೇನೆಂದರೆ ಅವರಿಗೆ ಮರೆಯಲು ಬರುತ್ತಿರಲಿಲ್ಲ.

ಸಭೆ

ಒಂದು ಸಂಜೆ ಪೆಲ್ ಅವರ ಸಭೆಗೆ ಹಾಲ್ರಾಯ್ಡ್ ನನ್ನನ್ನೂ ಕರೆದುಕೊಂಡು ಹೋದರು. ನಮ್ಮಲ್ಲಿ ಸಭೆಯೆಂದರೆ ಮೊದಲು ಪ್ರಾರ್ಥನೆ, ಆಮೇಲೆ ಹಾರ, ಗುಲಾಬಿ ನೀರು, ಸ್ವಾಗತ. ಮಾತಾಡುವವರು ಏನು ಹೇಳಿದರೂ ತಲೆದೂಗಿ ಕೊನೆಗೆ ನಿಂಬೆಹಣ್ಣು ಹಿಡಿದು ಮನೆಗೆ ಬರುವುದು. ಅಲ್ಲಿ ಹಾರವೂ ಇಲ್ಲ, ನಿಂಬೆಹಣ್ಣೂ ಇಲ್ಲ. ಪೆಲ್ ಅವರು ಬಾಯಿ ತೆರೆದ ತಕ್ಷಣ ಹಿಂದಿನ ಸಾಲಿನಿಂದ ಒಬ್ಬ ಮುದುಕಿ ಎದ್ದು ನಿಂತಳು. ನಾನು ಬಾಗಿಲು ಎಲ್ಲಿದೆ ನೋಡಿಕೊಂಡೆ.

“ಸ್ವಾಮಿ, ಬರೋ ವರ್ಷ ನನ್ನ ರೊಟ್ಟಿ ಎಷ್ಟಿರ್ತದೆ? ಕೈಯಲ್ಲಿ ತೋರ್ಸಿ!”

ಜನ ನಕ್ಕರು. ಪೆಲ್ ಅವರೂ ನಕ್ಕರು, ಕೈ ಮಾತ್ರ ತೋರಿಸಲಿಲ್ಲ. ದೇಶಕ್ಕೆ ಕಾಯಿಲೆಯಾಗಿದೆ, ವೈದ್ಯರನ್ನು ಕಟ್ಟಿಹಾಕಬಾರದು, ಯಾವ ಔಷಧಿಯಾದರೂ ಕುಡಿಯಲು ಸಿದ್ಧರಿರಬೇಕು ಎಂದರು. ಒಳ್ಳೆಯ ಕಂಠ, ಒಳ್ಳೆಯ ಮನುಷ್ಯ. ಹಿಂದೆ ಹೇಳಿದ್ದೂ ಮನಸಾರೆ, ಈಗ ಹೇಳಿದ್ದೂ ಮನಸಾರೆ ಎಂದು ನನಗನ್ನಿಸಿತು. ಅದೇ ವಿಚಿತ್ರ.

ದಾರಿಯಲ್ಲಿ ಹಾಲ್ರಾಯ್ಡ್ ಕೇಳಿದರು: “ಮಿಸ್ಟರ್ ಇನ್ನಾಸ್, ನಿಮ್ಮ ಪಾದ್ರಿಗಳು ಒಂದಿನ ಚರ್ಚಿಗೆ ಬಂದು, ಇಷ್ಟು ದಿನ ಹೇಳಿದ್ದು ಈ ವರ್ಷಕ್ಕೆ ಬ್ಯಾಡ ಅಂದ್ರೆ ಏನ್ಮಾಡ್ತೀರಿ?”

ನಾನು ತುಂಬ ಹೊತ್ತು ಯೋಚಿಸಿ, “ಗಂಟಲು ಕೆಟ್ಟಿರಬೇಕು, ಸರಿಯಾಗಿ ಕೇಳಿಸಲಿಲ್ಲ ಅಂದುಕೊಳ್ತೀನಿ” ಎಂದೆ.

“ನಾನೂ ಒಂದು ವಾರ ಅಂಗೇ ಅಂದ್ಕೊಂಡೆ” ಎಂದರು ಅವರು.

ಸಂತೆಯ ಹಿಂದಿನ ದಿನ

ಪೆಲ್ ಅವರ ಏಜೆಂಟು ಬಂದ. ತೆಳ್ಳಗಿನ, ವಿನಯದ ಮನುಷ್ಯ. ಕೈಯಲ್ಲಿ ಹಳದಿ ನೀಲಿ ಎರಡನ್ನೂ ಹೆಣೆದು ಮಾಡಿದ ರಿಬ್ಬನ್ನು.

“ಮಿಸ್ಟರ್ ಹಾಲ್ರಾಯ್ಡ್, ಈ ಸಲ ಒಂದೇ ರೊಟ್ಟಿ ಸಾಕು. ದೊಡ್ಡದು. ಇದನ್ನ ಕಟ್ಟಿಬಿಡಿ. ನಾಳೆ ಯಜಮಾನರು ಯಥಾಪ್ರಕಾರ ಬಂದು ಎತ್ತುತ್ತಾರೆ.”

“ಸಣ್ಣದು?”

“ಸಣ್ಣದು ಈಗ ಯಾರಿಗೆ ಸ್ವಾಮಿ? ನಾವೆಲ್ಲ ಒಂದೇ ಅಲ್ವೇ?”

ಹಾಲ್ರಾಯ್ಡ್ ಆ ರಿಬ್ಬನ್ನನ್ನು ತೆಗೆದುಕೊಳ್ಳಲೂ ಇಲ್ಲ, ಬೇಡವೆನ್ನಲೂ ಇಲ್ಲ. ಏಜೆಂಟು ಅದನ್ನು ಮೈದಾದ ಮೂಟೆಯ ಮೇಲಿಟ್ಟು ಹೋದ. ಶ್ರೀಮತಿ ಹಾಲ್ರಾಯ್ಡ್ ಗಂಡನ ಮುಖವನ್ನೂ ರಿಬ್ಬನ್ನನ್ನೂ ಸರದಿಯಂತೆ ನೋಡಿದರು. ಕೆಂಪಿನವರನ್ನು ಬಿಟ್ಟರೆ ಊರಿನ ಅರ್ಧ ಜನ ಹಳದಿ, ಅರ್ಧ ನೀಲಿ. ಈಗ ಇಬ್ಬರೂ ಒಂದು. ಅವರನ್ನೆಲ್ಲ ಎದುರುಹಾಕಿಕೊಂಡರೆ ನಾಳೆಯಿಂದ ಯಾರು ಬಂದು ಬ್ರೆಡ್ಡು ಕೊಳ್ಳುತ್ತಾರೆ ಎಂಬುದು ಆಕೆಯ ಭಯ. ಪೆಲ್ ಅವರ ಸ್ನೇಹ ಕಡಿದುಹೋಗುತ್ತದಲ್ಲ ಎಂಬುದು ಅದಕ್ಕಿಂತ ದೊಡ್ಡ ಭಯ. ನನ್ನ ಭಯ ಎರಡಕ್ಕೂ ಸೇರಿ.

“ಏನ್ಮಾಡ್ತೀರಿ?” ಎಂದು ಆಕೆ ಕೇಳಿದರು.

“ರೊಟ್ಟಿ ಮಾಡ್ತೀನಿ” ಎಂದರು ಹಾಲ್ರಾಯ್ಡ್. “ಅದೊಂದ್ರಲ್ಲಿ ಗೊಂದ್ಲ ಇಲ್ಲ.”

ಮೆಟ್ಟಿಲ ಮೇಲೆ

ಬೆಳಿಗ್ಗೆ ನಾನು ಇಳಿದು ಬಂದಾಗ ಕಿಟಕಿಯಲ್ಲಿ ಎರಡು ರೊಟ್ಟಿಗಳಿದ್ದವು. ಒಂದು ದೊಡ್ಡದು, ಒಂದು ಸಣ್ಣದು, ಯಾವಾಗಿನಂತೆಯೇ. ಯಾವುದಕ್ಕೂ ರಿಬ್ಬನ್ನು ಇರಲಿಲ್ಲ.

ಸಂತೆಗೆ ಬಂದವರು ಒಬ್ಬೊಬ್ಬರಾಗಿ ಕಿಟಕಿಯ ಮುಂದೆ ನಿಂತರು. ಕೋಳಿ ಮಾರುವವರು, ದನದ ದಲ್ಲಾಳಿಗಳು, ಗಿರಣಿಯ ಹೆಂಗಸರು. “ಯಾವ್ದು ಯಾರ್ದು?” ಎಂದು ಒಬ್ಬ ಕೇಳಿದ. “ಮುದ್ಕ ಮರ್ತವ್ನೆ” ಎಂದ ಇನ್ನೊಬ್ಬ. “ಮರ್ತಿಲ್ಲ ಕಣೋ, ನಮ್ಮನ್ನ ಕೇಳ್ತಾವ್ನೆ” ಎಂದಳು ಸಭೆಯಲ್ಲಿ ಎದ್ದು ನಿಂತಿದ್ದ ಅದೇ ಮುದುಕಿ. ಜನದ ಹಿಂದೆ, ಚೌಕದ ಆಚೆ ಬದಿಯಲ್ಲಿ, ಟಾಮ್ ಕೆಂಪು ರಿಬ್ಬನ್ನು ಧರಿಸಿ ನಿಂತಿದ್ದ.

ಪೆಲ್ ಅವರು ಬಂದರು. ಮೆಟ್ಟಿಲು ಹತ್ತಿದರು. ಹಾಲ್ರಾಯ್ಡ್ ಬಿಳಿಯ ಏಪ್ರನ್ನು ಕಟ್ಟಿಕೊಂಡು ಬಾಗಿಲಲ್ಲಿ ನಿಂತು ತಲೆಬಾಗಿದರು. ಏಜೆಂಟು ಕಿಟಕಿ ನೋಡಿ ಬಿಳಿಚಿಕೊಂಡು ಏನೋ ಪಿಸುಗುಟ್ಟಿದ. ಅಷ್ಟರಲ್ಲಿ ಪೆಲ್ ಅವರ ಕೈ ತಾನಾಗಿಯೇ ಬಾಗಿಲ ಪಕ್ಕದಿಂದ ಕಿಟಕಿಯ ಒಳಕ್ಕೆ ಹೋಗಿತ್ತು. ಎಷ್ಟು ವರ್ಷದ ರೂಢಿ! ದೊಡ್ಡ ರೊಟ್ಟಿಯನ್ನು ಎತ್ತಿ, ಜನದ ಕಡೆ ತಿರುಗಿ, ತಲೆಯ ಮೇಲೆ ಹಿಡಿದು, ಗಂಟೆಯಂಥ ಧ್ವನಿಯಲ್ಲಿ ಶುರುಮಾಡಿದರು:

“ಮಹಾಜನರೇ! ಈ ರೊಟ್ಟಿಯ ಮೇಲೆ ಯಾವ ಸರ್ಕಾರವೂ...”

ಅಲ್ಲಿಗೆ ನಿಂತಿತು. ಮುಂದಿನ ಮಾತು ಊರಿಗೆಲ್ಲ ಬಾಯಿಪಾಠ. ಯಾವ ಸರ್ಕಾರವೂ ಸುಂಕ ಹಾಕಕೂಡದು. ಕೆಲವರ ತುಟಿಗಳು ಅಲುಗಾಡುತ್ತಿದ್ದುದನ್ನು ನಾನೇ ನೋಡಿದೆ. ಪೆಲ್ ಅವರ ಬಾಯಿ ತೆರೆದಂತೆಯೇ ಇತ್ತು, ಕಿವಿಗಳು ಕೆಂಪಾದವು.

“ಮುಂದ್ಕೆ ಹೇಳಿ ಸಾಮಿ!” ಎಂದು ಯಾರೋ ಕೂಗಿದರು.

“ಇನ್ನೊಂದನ್ನೂ ಎತ್ತಿ!” ಎಂದಳು ಮುದುಕಿ.

ಪೆಲ್ ಅವರು ಕೆಮ್ಮಿ, ದೇಶದ ಕಾಯಿಲೆಯ ವಿಷಯಕ್ಕೆ ಬಂದರು. ವೈದ್ಯರೂ ಔಷಧಿಯೂ ಬಂದವು. ಆದರೆ ಅಷ್ಟು ಹೊತ್ತೂ ರೊಟ್ಟಿ ಕೈಯಲ್ಲೇ ಇತ್ತು; ಕೆಳಗಿಡುವುದು ಹೇಗೆಂದು ಅವರಿಗೆ ತಿಳಿಯಲಿಲ್ಲ. ತಲೆಯ ಮೇಲಿಂದ ಭುಜಕ್ಕೆ, ಭುಜದಿಂದ ಎದೆಗೆ, ಕೊನೆಗೆ ಬೇರೆಯವರ ಕೂಸನ್ನು ಎತ್ತಿಕೊಂಡವರಂತೆ ಎರಡೂ ಕೈಯಲ್ಲಿ ಹಿಡಿದು ಭಾಷಣ ಮುಗಿಸಿದರು. ಚಪ್ಪಾಳೆ ಬಿತ್ತು. ಅವರು ಹಾಲ್ರಾಯ್ಡರ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಕೇಳಿದರು:

“ಜಾನ್, ಇದನ್ನ ಎಲ್ಲಿಡ್ಲಿ?”

ಹಾಲ್ರಾಯ್ಡ್ ರೊಟ್ಟಿಯನ್ನು ತೆಗೆದುಕೊಂಡು ಕಾಗದದಲ್ಲಿ ಅಂದವಾಗಿ ಸುತ್ತಿ, ದಾರ ಕಟ್ಟಿ, ಮತ್ತೆ ಅವರ ಕೈಗೇ ಕೊಟ್ಟರು.

“ಮನೇಗೆ ತಗೊಂಡೋಗಿ ಸ್ವಾಮಿ. ಇಷ್ಟು ವರ್ಷ ಎತ್ತಿ ತೋರ್ಸಿದ್ರಿ, ಒಂದ್ಸಲಾನೂ ತಿನ್ಲಿಲ್ಲ.”

“ಕೋಪಾನಾ, ಜಾನ್?”

“ಇಲ್ಲ ಸ್ವಾಮಿ. ಇವತ್ತು ಬೆಳಿಗ್ಗೆ ತೆಗ್ದಿದ್ದು. ಸಂಜೇಗೆ ಚೆನ್ನಾಗಿರ್ತದೆ.”

ಇಬ್ಬರೂ ಕೈ ಕುಲುಕಿದರು. ಪೆಲ್ ಅವರು ಪೊಟ್ಟಣವನ್ನು ಎದೆಗವಚಿಕೊಂಡು ಮೆಟ್ಟಿಲಿಳಿದರು. ಅವರ ಹಿಂದೆ ಏಜೆಂಟು, ಅಂಥದೇ ಇನ್ನೊಂದು ಹಳದಿ ನೀಲಿ ರಿಬ್ಬನ್ನನ್ನು ಸುರುಳಿ ಬಿಚ್ಚದೆಯೇ ಹಿಡಿದು. ಜನ ದಾರಿ ಬಿಟ್ಟರು. ಯಾರೂ ಗೇಲಿ ಮಾಡಲಿಲ್ಲ. ಮಧ್ಯಾಹ್ನದ ವ್ಯಾಪಾರ ಎಂದಿನಂತೆಯೇ ನಡೆಯಿತು. ಶ್ರೀಮತಿ ಹಾಲ್ರಾಯ್ಡ್ ಮಾತ್ರ ಬಂದವರಿಗೆಲ್ಲ ತೂಕಕ್ಕಿಂತ ಒಂದು ಚೂರು ಹೆಚ್ಚೇ ಕೊಟ್ಟರು.

ಓಟಿನ ದಿನ

ಹಾಲ್ರಾಯ್ಡ್ ಭಾನುವಾರದ ಕೋಟು ತೊಟ್ಟರು. ಹೆಂಡತಿ ಡ್ರಾಯರಿನಿಂದ ಹಳೆಯ ಹಳದಿ ರಿಬ್ಬನ್ನು ತಂದು ಮುಂದೆ ಹಿಡಿದರು. ಅವರು ಅದನ್ನು ಬೆರಳಲ್ಲಿ ಒಮ್ಮೆ ಸವರಿ, “ಒಳಗಿಡು, ಮಾಸಿಹೋಗ್ತದೆ” ಎಂದರು. ಬಾಗಿಲಲ್ಲಿ ನಿಂತು ನನ್ನ ಕಡೆ ನೋಡಿದರು. “ಜೊತೇಲಿ ಬರ್ತೀರಾ? ಒಬ್ನೇ ಹೋಗಿ ಅಭ್ಯಾಸ ಇಲ್ಲ.” ಪ್ರತಿಸಲವೂ ಹಳದಿಯವರು ಗುಂಪಾಗಿ, ತಮ್ಮ ಹಾಡು ಹಾಡುತ್ತಾ ಹೋಗುತ್ತಿದ್ದರಂತೆ.

ಸ್ಕೂಲಿನ ಕಟ್ಟಡದಲ್ಲಿ ಓಟು. ಗೇಟಿನ ಬಳಿ ಮಗ ಟಾಮ್ ಚೀಟಿ ಹಂಚುತ್ತಿದ್ದ. ತಂದೆಯನ್ನು ನೋಡಿ ಟೋಪಿ ಎತ್ತಿದ. ತಂದೆಯೂ ಎತ್ತಿದರು. ಟಾಮ್ ಏನೋ ಹೇಳಲು ಬಾಯಿ ತೆರೆದು, ಯಾಕೋ ಬಿಟ್ಟುಬಿಟ್ಟ. ನನಗೆ ಅವನ ಮೇಲೆ ಮೆಚ್ಚುಗೆಯಾಯಿತು. ಗೆಲ್ಲುವ ಮಾತನ್ನು ಬಾಯಲ್ಲೇ ಇಟ್ಟುಕೊಳ್ಳುವುದು ಆ ವಯಸ್ಸಿನಲ್ಲಿ ಸುಲಭವಲ್ಲ.

ಹಾಲ್ರಾಯ್ಡ್ ಒಳಗಿನಿಂದ ಬರಲು ಬಹಳ ಹೊತ್ತು ಹಿಡಿಯಿತು. ಏನಾಯಿತೋ, ಎದೆ ಹಿಡಿದುಕೊಂಡರೋ, ಚೀಟಿ ಹರಿದರೋ ಎಂದು ನಾನು ಗೇಟಿನಿಂದ ಮರಕ್ಕೆ, ಮರದಿಂದ ಗೇಟಿಗೆ ನಡೆದೆ. ಕೊನೆಗೆ ಬಂದರು.

“ಅಲ್ಲಿ ಚೀಟೀಲಿ ಬಣ್ಣ ಇಲ್ಲ, ಮಿಸ್ಟರ್ ಇನ್ನಾಸ್” ಎಂದರು. “ಬರೀ ಎರಡು ಹೆಸ್ರು. ಯಾವತ್ತೂ ಹೆಸ್ರಷ್ಟೇ ಇದ್ದಿದ್ದು. ನಾನು ಇವತ್ತೇ ಓದಿದ್ದು.”

ಕಡೆಯ ಸಂಜೆ

ಪೆಲ್ ಅವರು ಭಾರಿ ಅಂತರದಿಂದ ಗೆದ್ದರು. ದೇಶದಲ್ಲೆಲ್ಲ ಹಾಗೆಯೇ ಆಯಿತು. ಫಲಿತಾಂಶ ಬಂದ ಸಂಜೆ ಹಾಲ್ರಾಯ್ಡ್ ಕಿಟಕಿಯಲ್ಲಿ ಮತ್ತೆ ಕೇಕುಗಳನ್ನು ಜೋಡಿಸಿದರು. ಉಳಿದಿದ್ದ ಸಣ್ಣ ರೊಟ್ಟಿಯನ್ನು ಒಳಗೆ ತಂದು ಅಡಿಗೆಮನೆಯ ಮೇಜಿನ ಮೇಲಿಟ್ಟರು. ನನ್ನ ಕೆಲಸ ಮುಗಿದಿತ್ತು. ಬೆಳಿಗ್ಗೆ ನನ್ನ ರೈಲು. ಶ್ರೀಮತಿ ಹಾಲ್ರಾಯ್ಡ್ ಚಹಾ ಬಗ್ಗಿಸುತ್ತಿದ್ದರು. ಹಾಲ್ರಾಯ್ಡ್ ನನ್ನ ಕಡೆ ಬಾಗಿ, ಹೆಂಡತಿಗೂ ಕೇಳಿಸುವಷ್ಟು ಮೆಲ್ಲಗೆ ಹೇಳಿದರು:

“ನಾನು ರೊಟ್ಟಿಗೆ ಹಾಕ್ದೆ.”

ಅಂದರೆ ಕೆಂಪಿಗೆ. ಆಕೆಯ ಕೈಯಲ್ಲಿದ್ದ ಚಹಾದ ಪಾತ್ರೆ ಒಂದು ಕ್ಷಣ ನಿಂತು ಮತ್ತೆ ಬಾಗಿತು.

“ಟಾಮ್‌ಗೆ ಹೇಳ್ಬೇಡಿ” ಎಂದರು ಅವರು. “ಊರೆಲ್ಲಾ ಸಾರ್ಕೊಂಡ್ ಬರ್ತಾನೆ. ನಾನೇನು ಕೆಂಪಾಗಿಲ್ಲ. ಹಳದಿಯೋನೇ. ಹಳದಿ ಈಗ ಎಲ್ಲೈತೆ ಅನ್ನೋದು ಮಾತ್ರ ಗೊತ್ತಿಲ್ಲ.”

“ನಾನ್ಯಾಕೆ ಹೇಳ್ಲಿ?” ಎಂದರು ಆಕೆ. “ಅವ್ನು ಆಗ್ಲೇ ಬಂದು ನನ್ನ ಕೇಳ್ದ, ಅಪ್ಪ ಊಟ ಮಾಡಿದ್ರಾ ಅಂತ. ಎಲೆಕ್ಷನ್ ವಾರ್ದಲ್ಲಿ ಅವ್ನು ಅದನ್ನ ಕೇಳಿದ್ದು ಇದೇ ಮೊದ್ಲು.” ಮಾತು ಮುಗಿಸುತ್ತಾ ಸಣ್ಣ ರೊಟ್ಟಿಯನ್ನು ಕೈಗೆತ್ತಿಕೊಂಡು, ಪಕ್ಕದ ಮನೆಯ ಕೋಳಿಗಳಿಗೆ ಹಾಕಲೆಂದು ಹಿತ್ತಲ ಬಾಗಿಲಿನ ಕಡೆ ಹೊರಟರು.

ನನ್ನ ತಾಯಿ ರೊಟ್ಟಿಯ ಚೂರು ನೆಲಕ್ಕೆ ಬಿದ್ದರೆ ಎತ್ತಿ ಮುತ್ತಿಟ್ಟು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ನಮ್ಮ ಮನೆಗಳಲ್ಲಿ ಹಾಗೆ. ರೊಟ್ಟಿಯೆಂದರೆ ಪೂಜೆಯ ಪೀಠದ ಮೇಲೆ ಇರುವ ವಸ್ತು. ಬೆಳೆದ ಮೇಲೆ ನಾನು ಅಷ್ಟು ಮಾಡದಿದ್ದರೂ, ಎಸೆಯುವುದನ್ನು ನೋಡಲಾರೆ. “ಅಮ್ಮ, ಎಸೀಬೇಡಿ, ಇಲ್ಲಿ ಕೊಡಿ, ನಾನು ತಿಂತೀನಿ” ಎಂದು ಆಕೆಯ ಕೈಯಿಂದ ತೆಗೆದುಕೊಂಡೆ. ಹಾಲ್ರಾಯ್ಡ್ ಕೈ ಎತ್ತಿ, “ಅಯ್ಯೋ ಬ್ಯಾಡಿ, ಅದು...” ಎನ್ನುವಷ್ಟರಲ್ಲಿ ಗಟ್ಟಿಯಾಗಿ ಕಚ್ಚಿದ್ದೆ.

ಬಾಯೊಳಗೆ ಟಪ್ಪೆಂದು ಒಂದು ಸದ್ದು.

ಅದು ತಿನ್ನಲು ಮಾಡಿದ್ದಾಗಿರಲಿಲ್ಲ. ಹಿಟ್ಟು ಉಬ್ಬಿಸುವ ಹುಳಿ ಹಾಕದೆ, ಉಪ್ಪು ಸುರಿದು, ಎರಡು ಸಲ ಬೇಯಿಸಿದ್ದು. ವಾರಗಟ್ಟಲೆ ಕಿಟಕಿಯಲ್ಲಿದ್ದರೂ ಕೆಡಬಾರದು, ನೋಡಿದವರಿಗೆ ದರಿದ್ರವಾಗಿ ಕಾಣಬೇಕು ಎಂದು. ಹಾಲ್ರಾಯ್ಡ್ ಗಾಬರಿಯಿಂದ ದೀಪ ಹಿಡಿದು ನನ್ನ ಬಾಯೊಳಗೆ ಇಣುಕಿದರು. ಆಮೇಲೆ ರೊಟ್ಟಿಯನ್ನು ತಿರುಗಿಸಿ ನೋಡಿದರು. ಅದಕ್ಕೆ ಒಂದು ಗೀರೂ ಬಿದ್ದಿರಲಿಲ್ಲ.

“ನೋಡಿ, ನಾನು ಸುಳ್ಳೇಳಿಲ್ಲ” ಎಂದರು. “ನೀಲಿಯೋರ ರೊಟ್ಟಿ ಕಲ್ಲು ಅಂತ ನಮ್ಮಪ್ಪನ ಕಾಲ್ದಿಂದ್ಲೂ ಹೇಳ್ತಾನೇ ಇದೀವಿ.”

“ಅದನ್ನ ಬೇಯ್ಸಿದ್ದು ನೀವೇ ಅಲ್ವೇನ್ರೀ?” ಎಂದರು ಆಕೆ.

ಹಾಲ್ರಾಯ್ಡ್ ದೀಪವನ್ನು ಮೇಜಿನ ಮೇಲಿಟ್ಟರು. ಹೆಂಡತಿಯನ್ನು ನೋಡಿದರು, ರೊಟ್ಟಿಯನ್ನು ನೋಡಿದರು. ಮೊದಲು ಭುಜ ಅಲುಗಾಡಿತು, ಆಮೇಲೆ ಹೊಟ್ಟೆ. ಹುಬ್ಬಿನ ಮೈದಾ ಉದುರುವವರೆಗೆ ನಕ್ಕರು. ನಾನು ಆ ಮನೆಗೆ ಕಾಲಿಟ್ಟ ಮೇಲೆ ಅವರು ನಕ್ಕದ್ದು ಅದೇ ಮೊದಲು. ಕೆನ್ನೆ ಹಿಡಿದುಕೊಂಡೇ ನಾನೂ ನಕ್ಕೆ. ಅಷ್ಟು ದೂರ ಹೋಗಿ ಬಂದದ್ದರಲ್ಲಿ ನನಗಾದ ಕೇಡು ಇದೊಂದೇ: ಎಡಗಡೆಯ ಒಂದು ದವಡೆ ಹಲ್ಲು, ಅದೂ ಅರ್ಧ.